ಮಳೆಯಲ್ಲಿ ಧೂಳು ಅಡಗಿಸಿದ ಟ್ಯಾಂಕರ್

ಕಳಸದ ಕಡೆ ನಮ್ಮ ರಸ್ತೆ ಅಗಲ ಮಾಡಿದವರು ಗುಡ್ಡ ಕಡಿದ ಮಣ್ಣನ್ನೆಲ್ಲ ಹಳ್ಳಕ್ಕೆ ತಳ್ಳಿದರು. ಎಸ್ಟೇಟ್ ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಜನ ಕುಡಿಯುವುದು ಅದೇ ಹಳ್ಳದ ನೀರು.

ನಾನು ಅದನ್ನು ಕೇಳಲು ಹೋದ ದಿನ ಜುಲೈ ತಿಂಗಳ ಮಳೆ ಸುರಿಯುತ್ತಿತ್ತು. ಆ ಮಳೆಯಲ್ಲೇ ಒಂದು ಟ್ಯಾಂಕರ್ ರಸ್ತೆಗೆ ನೀರು ಚಿಮುಕಿಸುತ್ತಾ ಬಂತು.

"ಇದೇನು ಸಾರ್, ಮಳೆ ಸಾಕಾಗ್ಲಿಲ್ವಾ?" ಎಂದು ಛತ್ರಿ ಹಿಡಿದು ನಿಂತಿದ್ದ ಎಂಜಿನಿಯರನ್ನು ಕೇಳಿದೆ.

"ಧೂಳು ಏಳದ ಹಾಗೆ ದಿನಕ್ಕೆ ಎರಡು ಸಲ ನೀರು ಹಾಕಬೇಕು ಅಂತ ಅಗ್ರಿಮೆಂಟಲ್ಲಿದೆ. ಪರಿಸರ ಕಾಪಾಡೋ ಷರತ್ತು ಅದು."

"ಎಲ್ಲಿದೆ ಧೂಳು? ತೋರಿಸಿ, ನಾನೂ ಒಂದು ಸಲ ಸೀನ್ತೀನಿ."

ಆತ ಛತ್ರಿಯಡಿಯಲ್ಲೇ ಅಗ್ರಿಮೆಂಟಿನ ಪ್ರತಿ ತೆಗೆದು ತೋರಿಸಿದ. ಬಯಲುಸೀಮೆಯ ಯಾವುದೋ ರಸ್ತೆಯ ಅಗ್ರಿಮೆಂಟನ್ನು ಊರಿನ ಹೆಸರಷ್ಟೇ ಬದಲಿಸಿ ಇಲ್ಲಿಗೆ ತಂದಿದ್ದರು.

"ಹಳ್ಳಕ್ಕೆ ಮಣ್ಣು ಹಾಕಬಾರದು ಅಂತ ಇಲ್ವಾ?"

"ಇಲ್ಲ ಮಾರಾಯ್ರೆ. ಬರೆದಿದ್ರೆ ನಾನೇ ನಿಲ್ಲಿಸ್ತಿದ್ದೆ. ಸಹಿ ಆಗೋ ಮೊದಲು ನೀವೆಲ್ಲ ಎಲ್ಲಿದ್ರಿ?"

ಅಷ್ಟರಲ್ಲಿ ಲೈನಿನ ಹೆಂಗಸೊಬ್ಬಳು ಕೆಂಪು ನೀರಿನ ಕೊಡ ತಂದು ಆತನ ಮುಂದೆ ಕುಕ್ಕಿದಳು. "ಒಂದು ಲೋಟ ಕುಡೀರಿ ಸಾರ್. ಕುಡೀಬಾರ್ದು ಅಂತ ಅಗ್ರಿಮೆಂಟಲ್ಲಿ ಇಲ್ವಲ್ಲ."

ಎಂಜಿನಿಯರ್ ಜೀಪು ಹತ್ತಿ ಹೋದ. ಸಹಿಗೆ ಮೊದಲು ಎಲ್ಲಿದ್ರಿ ಅಂತ ಆತ ಕೇಳಿದ್ದು ಮಾತ್ರ ಸರಿಯಾಗಿತ್ತು. ಅಗ್ರಿಮೆಂಟ್ ಬರೆಯುವಾಗ ನಮ್ಮಲ್ಲಿ ಒಬ್ಬರೂ ಆ ಕಡೆ ತಲೆ ಹಾಕಿರಲಿಲ್ಲ.

ನಿಮ್ಮೂರಿಗೂ ನಾಳೆ ರಸ್ತೆ ಬರುತ್ತದೆ. ಟೆಂಡರ್ ಕರೆಯುವ ಮೊದಲೇ ಕಚೇರಿಗೆ ಹೋಗಿ, ಷರತ್ತುಗಳನ್ನು ಕನ್ನಡದಲ್ಲಿ ಓದಿಸಿ ಕೇಳಿ. ನಿಮ್ಮ ಹಳ್ಳದ ಹೆಸರು ಹಾಕಿಸಿ, ಅದಕ್ಕೆ ಮಣ್ಣು ಬಿದ್ದರೆ ಕೆಲಸ ನಿಲ್ಲಬೇಕು ಅಂತ ಬರೆಸಿ. ಬರೆಯುವ ತನಕ ಕುರ್ಚಿ ಬಿಟ್ಟು ಏಳಬೇಡಿ.