ಉಡಿಯಲ್ಲಿ ಹಾಕಿಕೊಂಡ ಕೂಸು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಗಲಗಲಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಏನೇ ಆದರೂ "ಆತು ಬಿಡಣ್ಣಾ" ಎನ್ನುವವಳು. ತಂದೆತಾಯಿ ತೀರಿಕೊಂಡ ಕೂಸೊಂದನ್ನು ಬೀರೇಶ್ವರ ದೇವರ ಮುಂದೆ ಉಡಿಯಲ್ಲಿ ಹಾಕಿಕೊಂಡು, ಮಗಳೆಂದು ಒಪ್ಪಿಕೊಂಡು ಸಾಕಿದ್ದಳು. ಮುಂದೆ, ಆ ಹುಡುಗಿಯ ಸೋದರತ್ತೆ, ವಿದೇಶದಲ್ಲಿ ನರ್ಸ್ ಆಗಿದ್ದವಳು, ಅವಳನ್ನು ದತ್ತು ಕೇಳಿದಳು. ಹುಡುಗಿ ಸಾಕುತಾಯಿಯೂ ಇಲ್ಲದ ಅನಾಥೆಯಾಗಿದ್ದರೆ ಮಾತ್ರ ಆ ದೇಶದವರು ವೀಸಾ ಕೊಡುತ್ತಿದ್ದರು. "ಅಲ್ಲಿ ಛಲೋ ಸಾಲಿ ಕಲೀತಾಳ," ಎನ್ನುತ್ತ ಈಕೆ ಸ್ವೆಟರ್ ಹೆಣೆದಿಟ್ಟಳು.

ವಿಚಾರಣೆಗೆ ಬಂದ ಅಧಿಕಾರಿಗೆ, "ನಾ ಈಕಿಗೆ ಏನೂ ಆಗಬೇಕಿಲ್ರಿ, ಬರೇ ನೋಡ್ಕೊಂಡೇನಿ," ಎಂದು ನೆಲ ನೋಡಿದಳು. ಪಕ್ಕದಲ್ಲೇ ಇದ್ದ ನನಗೆ ಆ ಮಾತು ಸಹಿಸಲಾಗಲಿಲ್ಲ.

"ಸುಳ್ಳ ಯಾಕ ಹೇಳ್ತಿ ಬೇ? ದೇವರ ಮುಂದ ಉಡಿಯಾಗ ಹಾಕ್ಕೊಂಡಾಳ್ರಿ ಸಾಹೇಬ್ರ, ಈಕಿನ ತಾಯಿ," ಎಂದೆ.

ವೀಸಾ ಸಿಗಲಿಲ್ಲ.

"ಆತು ಬಿಡಣ್ಣಾ, ಖರೇನ ಹೇಳೀದಿ," ಎಂದು ಸ್ವೆಟರನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಆ ತಾಯಿಯಲ್ಲಿ ನಾನು ಇಂದಿಗೂ ಕ್ಷಮೆ ಕೇಳಿಲ್ಲ.