ಎತ್ತರದ ಕ್ಯಾಮು, ಅಮಸಿದ್ದಪ್ಪನ ಮೀಸೆ

ಲೋಕಾಪುರದ ಸರ್ಕಲ್ಲಿನಲ್ಲಿ ಮೋಟರ್‌ಸೈಕಲ್ ರಿಪೇರಿ ಮಾಡುತ್ತಿದ್ದ ಅಮಸಿದ್ದಪ್ಪ ಎರಡಕ್ಕೆ ಹೆಸರುವಾಸಿ. ಒಂದು, ತುಟಿ ಪೂರಾ ಮುಚ್ಚುವಂಥ ದಪ್ಪ ಮೀಸೆ. ಇನ್ನೊಂದು, ಜನ್ಮದಲ್ಲಿ ತಪ್ಪೇ ಮಾಡದ ಮನುಷ್ಯ ಎನ್ನುವುದು. ಅಂದರೆ ಕೆಲಸ ಕೆಡುತ್ತಿರಲಿಲ್ಲ ಅಂತಲ್ಲ ಮತ್ತೆ! ಕೆಡುತ್ತಿತ್ತು, ಆದರೆ ಕೆಡಿಸಿದವರು ಬೇರೆ ಇರುತ್ತಿದ್ದರು. ಗಾಡಿ ಚಾಲೂ ಆಗಲಿಲ್ಲವೋ, ಪಂಪಿನವನು ಸೀಮೆಎಣ್ಣೆ ಬೆರೆಸಿದ್ದಾನೆ. ಬ್ರೇಕು ಹಿಡಿಯಲಿಲ್ಲವೋ, ರಸ್ತೆಯೇ ಇಳಿಜಾರು. ಎಂಜಿನ್ ಬಿಚ್ಚಿ ಕೂಡಿಸಿದ ಮೇಲೆ ನಾಲ್ಕು ನಟ್ಟು ಉಳಿದವೋ, ಕಂಪನಿಯವರಿಗೆ ಲೆಕ್ಕ ಬರುವುದಿಲ್ಲ. ಹೆಂಡತಿ ಅನ್ನವ್ವ ಇಪ್ಪತ್ತಾರು ವರ್ಷ ಇದನ್ನೇ ಕೇಳಿ ರೋಸಿ ಹೋಗಿದ್ದಳು.

ಎಪ್ಪತ್ತೊಂಬತ್ತನೆಯ ಇಸವಿಯ ಸುಮಾರಿಗೆ ಅನಗವಾಡಿಯ ಕಬ್ಬಿನ ಸಾವಕಾರ ಶಿವಯೋಗೆಪ್ಪನಿಗೆ ಗುಜರಿಯಲ್ಲಿ ಒಂದು ಬ್ಲೋವರ್ ಸಿಕ್ಕಿತು. ಎಂಜಿನ್ನಿನೊಳಗೆ ಗಾಳಿಯನ್ನು ಜುಲುಮೆಯಿಂದ ತುರುಕುವ ಯಂತ್ರ ಅದು. ಅಮಸಿದ್ದಪ್ಪ ಅದನ್ನು ಬೆಲ್ಟು ಕಟ್ಟಿ ಸಾವಕಾರನ ಬುಲೆಟ್ಟಿಗೆ ಕೂಡಿಸಿಯೇಬಿಟ್ಟ, ಗಾಡಿ ಓಡಿಯೂಬಿಟ್ಟಿತು. ಇನ್ನು ಕೇಳಬೇಕೆ! ಸಾವಕಾರ ನೆಟ್ಟಗೆ ಬೀಳಗಿಗೆ ಹೋಗಿ, ಯೆಜ್ಡಿ ಗಾಡಿಯ ಕಾಶಪ್ಪನ ಕೂಡ ಜಿದ್ದು ಕಟ್ಟಿ ಬಂದ. ಲೋಕಾಪುರದಿಂದ ಮುಧೋಳದ ತನಕ ಓಟ. ಸೋತ ಗಾಡಿಯನ್ನು ಸಜ್ಜು ಮಾಡಿದ ಮಿಸ್ತ್ರಿ ಎಲ್ಲರೆದುರು ಮೀಸೆ ಬೋಳಿಸಿಕೊಳ್ಳಬೇಕು. ಕೊಂಡು ತಂದ ಸಾಮಾನು ಖೋಟಾ ಅಂತ ಮಿಸ್ತ್ರಿ ಹೇಳಿದರೆ ಮಾತ್ರ ಜಿದ್ದು ರದ್ದು. ಜಿದ್ದು ಕಟ್ಟಿದ ಇಬ್ಬರು ಮಹಾಶಯರಿಗೂ ಮೀಸೆ ಇರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಬ್ಲೋವರ್ ಬಂದ ಮೇಲೆ ಹಳೆಯ ಕ್ಯಾಮು ಸಾಲದು ಎಂದು ಸಾವಕಾರ, ಅಮಸಿದ್ದಪ್ಪ ಇಬ್ಬರೂ ಕೊಲ್ಲಾಪುರದ ಬಸ್ಸು ಹತ್ತಿದರು. ಅಲ್ಲಿ ಗಂಗಾರಾಮನೆಂಬ ಮುದುಕ ತನ್ನ ಲೇಥಿನಲ್ಲಿ ಕ್ಯಾಮು ಮಾಡುತ್ತಿದ್ದ. ಕ್ಯಾಮು ಅಂದರೆ ಎಂಜಿನ್ನಿನ ಬಾಗಿಲು ತೆರೆದು ಮುಚ್ಚುವ, ಒಂದು ಕಡೆ ಡುಬ್ಬ ಎದ್ದ ಉಕ್ಕಿನ ತುಂಡು. ಡುಬ್ಬ ಎತ್ತರವಾದಷ್ಟೂ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. ಮುದುಕ ಮೂರು ಜೋಡಿ ತೆಗೆದಿಟ್ಟ. ಈ ಇಬ್ಬರು ಎಲ್ಲಿಯವರು? ದನದ ಸಂತೆಯಲ್ಲಿ ಬೆಳೆದವರು. ಒಂದೊಂದರ ಮೇಲೂ ಕೈಯಾಡಿಸಿದರು, ಬೆಳಕಿಗೆ ಹಿಡಿದರು, ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದರು. ಎತ್ತಿನ ಕಸುವು ಹೆಗಲ ಮೇಲಿನ ಇಣಿಯಲ್ಲಿ; ಇಣಿ ಎತ್ತರ ಇದ್ದದ್ದನ್ನೇ ಹಿಡಿಯಬೇಕು ಎಂದ ಸಾವಕಾರ. ಅಮಸಿದ್ದಪ್ಪನಿಗೂ ಅದು ಖರೆ ಅನ್ನಿಸಿತು.

ಗಂಗಾರಾಮ ಬೇಡವೆಂದ. ತಾನೇ ಉಸಿರೆಳೆಯುವ ಎಂಜಿನ್ನಿಗೆ ಎತ್ತರದ್ದು ಸರಿ, ಗಾಳಿ ತುರುಕಿಸಿಕೊಳ್ಳುವ ಎಂಜಿನ್ನಿಗೆ ಸಣ್ಣದೇ ಬೇಕು. ಇಲ್ಲದಿದ್ದರೆ ಒಳಬಾಗಿಲು ಹೊರಬಾಗಿಲು ಎರಡೂ ಒಟ್ಟಿಗೆ ತೆರೆದು, ತುರುಕಿದ್ದೆಲ್ಲ ಸುಡದೆ ಹಾಗೇ ಹೊರಗೆ ಹೋಗುತ್ತದೆ ಎಂದು ಸಮಾಧಾನದಿಂದ ತಿಳಿಸಿ ಹೇಳಿದ. ಇದು ಅಮಸಿದ್ದಪ್ಪನಿಗೆ ಗೊತ್ತಿರದ ಸಂಗತಿ. ಆದರೆ ಗಿರಾಕಿಯ ಎದುರು ಗೊತ್ತಿಲ್ಲ ಅನ್ನುವುದುಂಟೆ? ಮೀಸೆ ತಿರುವಿ, ತಾನು ಎಷ್ಟು ಎಂಜಿನ್ ಬಿಚ್ಚಿದ್ದೇನೆಂದು ಒಂದು ಭಾಷಣ ಬಿಗಿದು, ಎತ್ತರದ ಜೋಡಿಯನ್ನೇ ಕಟ್ಟಿಸಿಕೊಂಡ.

ಓಟದ ದಿನ ಅಮಸಿದ್ದಪ್ಪ ಮುಧೋಳದ ಬಸ್‌ಸ್ಟ್ಯಾಂಡಿನ ಹತ್ತಿರ, ಕ್ಷೌರಿಕ ರಾಮಲಿಂಗಪ್ಪನ ಅಂಗಡಿಯ ಮುಂದೆಯೇ ನಿಂತಿದ್ದ. ಮೊದಲು ಯೆಜ್ಡಿ ಬಂತು. ಕಾಶಪ್ಪ ಇಳಿದು ಚಹಾ ಕುಡಿದು ಬೀಡಾ ಹಾಕಿಕೊಂಡ ಮೇಲೆ ಬುಲೆಟ್ ಕೆಮ್ಮುತ್ತ ಬಂತು. ಸೈಲೆನ್ಸರಿನಿಂದ ಬೆಂಕಿ ಉಗುಳಿ ಉಗುಳಿ ಸಾವಕಾರನ ಧೋತರದ ಅಂಚು ಮೊಣಕಾಲ ತನಕ ಸುಟ್ಟಿತ್ತು. ಅಮಸಿದ್ದಪ್ಪ ಬಗ್ಗಿ ಸೈಲೆನ್ಸರಿಗೆ ಮೂಗು ಒಡ್ಡಿದ. ಘಮ್ಮಂತ ಹಸಿ ಪೆಟ್ರೋಲು! ಗಂಗಾರಾಮ ಹೇಳಿದ ಎರಡು ಬಾಗಿಲು ಅವನ ಕಣ್ಣಿಗೆ ಕಟ್ಟಿದವು.

ಜನ ಮುತ್ತಿಕೊಂಡರು. ರಾಮಲಿಂಗಪ್ಪ ಕತ್ತಿ ಮಸೆಯತೊಡಗಿದ. ಸಾವಕಾರ ಅಮಸಿದ್ದಪ್ಪನ ಹೆಗಲು ಹಿಡಿದು, "ಮಿಸ್ತ್ರಿ, ಸಾಮಾನ ಖೋಟಾ ಐತಿ ಅಂತ ಒಂದ ಮಾತು ಅಂದುಬಿಡು. ಜಿದ್ದು ರದ್ದಾಗತೈತಿ. ಆ ಮುದುಕನ್ನ ನಾ ನೋಡ್ಕೋತೇನಿ" ಅಂದ.

ಮಾತು ನಾಲಿಗೆಯ ತುದಿಗೇ ಬಂದಿತ್ತು. ಸಾವಿರ ಸಲ ಆಡಿದ ಮಾತು, ಏನು ಕಷ್ಟ? ಆದರೆ ಏನೇ ಆಗಲಿ ಅವನು ಮಿಸ್ತ್ರಿ. ಆ ಕ್ಯಾಮನ್ನು ಕೂಡಿಸುವಾಗ ಅದರ ನುಣುಪು ಕೈಗೆ ತಾಗಿತ್ತು. ಕೂದಲೆಳೆಯಷ್ಟೂ ಐಬಿರಲಿಲ್ಲ. ಅಂಥ ಕೆಲಸಕ್ಕೆ ಖೋಟಾ ಅನ್ನಲು ಅವನಿಗೆ ನಾಚಿಕೆಯಾಯಿತು.

"ಸಾಮಾನ ಛಲೋ ಐತ್ರಿ ಸಾವಕಾರ್ರ," ಎಂದ. "ಆ ಮುದುಕ ಖರೇನ ಹೇಳಿದ್ದ. ನಾ ಕೇಳಲಿಲ್ಲ. ತಪ್ಪು ನಂದು."

ತಾನೇ ಹೋಗಿ ಕುರ್ಚಿಯಲ್ಲಿ ಕೂತ.

ಮನೆಗೆ ಬಂದಾಗ ಬಾಯಿಗೆ ಟವೆಲ್ಲು ಅಡ್ಡ ಹಿಡಿದಿದ್ದ. ಅನ್ನವ್ವ ಅದನ್ನು ಎಳೆದಳು. ಬೋಳು ತುಟಿ ನೋಡಿ ನಗು ಒತ್ತರಿಸಿ ಬಂದರೂ ಸೆರಗು ಕಚ್ಚಿ ತಡೆದುಕೊಂಡು, ಏನಾಯಿತೆಂದು ಕೇಳಿದಳು. ಅವನು ಒಂದೂ ಬಿಡದೆ ಹೇಳಿದ, ಜನರೆದುರು ಆಡಿದ ಮಾತನ್ನೂ ಹೇಳಿದ. ಅನ್ನವ್ವನ ನಗು ನಿಂತಿತು.

"ಯಾರ ತಪ್ಪು ಅಂದ್ರಿ?"

"ನಂದು."

"ಇನ್ನೊಮ್ಮೆ ಅನ್ರಿ."

"ನಂದಽ ತಪ್ಪು ಅಂದೆ."

ಅನ್ನವ್ವನ ಕಣ್ಣು ತುಂಬಿ ಬಂದವು. ಅವಸರದಿಂದ ಹಿತ್ತಲ ಗೋಡೆಗೆ ಹೋಗಿ, ಕೈಯಲ್ಲಿನ ಕೆಲಸ ಬಿಟ್ಟು ಲಗೂನೆ ಬರಬೇಕೆಂದು ನೆರೆಮನೆಯ ಯಲ್ಲಕ್ಕನನ್ನು ಕೂಗಿ ಕರೆದಳು. ಅಮಸಿದ್ದಪ್ಪ ಕಟ್ಟೆಯ ಮೇಲೆ ಕೂತು, ಯಲ್ಲಕ್ಕ ಬರುವ ತನಕ ಕಾದು, ಮೂರನೆಯ ಸಲವೂ ಹೇಳಿದ.