ಅಕ್ಕ ಕೂತು ಉಂಡ ದಿನ

ಕೀಲಿಮಾವ ಒಂದು ಸಲ ಕೆಮ್ಮಿದರೆ ಸಾಕು, ಆ ಬೀದಿಯ ಬೀಗಗಳೆಲ್ಲ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ಎಂದು ಜನ ಹೇಳುತ್ತಿದ್ದರು. ಇದು ಶುದ್ಧ ಸುಳ್ಳು. ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿತ್ತು ಅವನ ಬೀಗ ರಿಪೇರಿ ಅಂಗಡಿ. ಗಿರಾಕಿ ಸ್ವಲ್ಪ ದಪ್ಪಗಿದ್ದರೆ ಹೊರಗೇ ನಿಂತು ಮಾತಾಡಬೇಕು. ಗೋಡೆಯ ತುಂಬ ಮೊಳೆ, ಮೊಳೆಗೊಂದು ಬೀಗದ ಕೈ ಗೊಂಚಲು. ಲಾರಿ ಹೋದರೆ ಸಾಕು, ಇಡೀ ಅಂಗಡಿ ಗೆಜ್ಜೆ ಕಟ್ಟಿಕೊಂಡಂತೆ ಕುಣಿಯುತ್ತಿತ್ತು. ಊರಿನ ಅರ್ಧ ಬಾಗಿಲುಗಳು ಒಂದಲ್ಲ ಒಂದು ದಿನ ಅವನ ಕೈಗೆ ಬಗ್ಗಿದ್ದವು. ಪಕ್ಕದ ಮನೆಯ ಬಸ್ ಡ್ರೈವರು ಬರೀ ಟವೆಲ್ಲಿನಲ್ಲಿ ಪೇಪರ್ ಎತ್ತಿಕೊಳ್ಳಲು ಹೊರಗೆ ಬಂದು, ಹಿಂದೆ ಬಾಗಿಲು ಬಿದ್ದು, ಮೆಟ್ಟಿಲ ಮೇಲೆ ಪೇಪರನ್ನೇ ಅಂಗಿ ಮಾಡಿಕೊಂಡು ನಿಂತಿದ್ದಾಗ ಕಾಪಾಡಿದವನು ಕೀಲಿಮಾವ. ಮೇಲಿನ ಮಹಡಿಯ ನರ್ಸಮ್ಮನ ಪುಟ್ಟ ಮಗಳು ಒಳಗೊಬ್ಬಳೇ ಸಿಕ್ಕಿಹಾಕಿಕೊಂಡು ಅಳುತ್ತಿದ್ದಾಗ ಬಾಗಿಲು ತೆಗೆದವನೂ ಅವನೇ. ತೆಗೆದ ಮೇಲೆ ನೋಡಿದರೆ ಮಗು ಸುಮ್ಮನೆ ಬಿಸ್ಕತ್ತು ತಿನ್ನುತ್ತ ಕೂತಿತ್ತು, ಅಳುತ್ತಿದ್ದವಳು ನರ್ಸಮ್ಮ.

ಅಂಥವನ ಮನೆಗೇ ಒಮ್ಮೆ ಕಳ್ಳ ನುಗ್ಗಿದ. ಹೋದದ್ದು ಒಂದು ಕೊಡೆ, ಒಂದು ಜೊತೆ ಚಪ್ಪಲಿ, ಅಷ್ಟೇ. ಆದರೆ ಮಾನ ಹೋಯಿತಲ್ಲ! ಊರೆಲ್ಲ ನಕ್ಕಿತು. ಆಗ ಕೀಲಿಮಾವ ಊಟ ನಿದ್ದೆ ಬಿಟ್ಟು ಒಂದು ಇಡೀ ಮಳೆಗಾಲ ಕೂತು ತನ್ನ ಬಾಗಿಲಿಗೆ ತಾನೇ ಒಂದು ಬೀಗ ಮಾಡಿದ. ಬಾಗಿಲು ಎಳೆದರೆ ತಾನೇ ಬೀಳುವ ಬೀಗ. ಆಮೇಲೆ ಬಂದ ಇನ್ನೊಬ್ಬ ಕಳ್ಳ ಅದರ ಜೊತೆ ಗುದ್ದಾಡಿ ಗುದ್ದಾಡಿ, ಕೊನೆಗೆ ಬಾಗಿಲು ತಟ್ಟಿ, "ಅಣ್ಣಾ, ಕುಡಿಯೋಕೆ ಒಂದ್ ಲೋಟ ನೀರು ಕೊಡ್ತೀರಾ?" ಎಂದು ಕೇಳಿದನಂತೆ. ನೀರು ಕೊಟ್ಟದ್ದು ನಿಜವೋ ಸುಳ್ಳೋ, ಕೀಲಿಮಾವನ ಜಂಬ ಮಾತ್ರ ನಿಜ.

"ಈ ಬೀಗ ಅದರ ಕೈಗೆ ಬಿಟ್ಟು ಇನ್ಯಾರಿಗೂ ಬಗ್ಗಲ್ಲ. ನನಗೂ ಬಗ್ಗಲ್ಲ!" ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ಇನ್ನು ಅಕ್ಕನ ವಿಷಯ. ಅಮ್ಮ ತೀರಿಕೊಂಡಾಗ ಅವನಿಗೆ ಇನ್ನೂ ಹಾಲುಹಲ್ಲು. ಸಾಕಿದ್ದು ಅಕ್ಕ. ಬೀಗದ ವಿದ್ಯೆಗೆ ಅವನ ಮೊದಲ ಗುರುವೂ ಅವಳೇ. ತಿಂಡಿಯ ಬೀರುವಿಗೆ ಅವಳು ಬೀಗ ಹಾಕಿದಳು, ಇವನು ಮೊಳೆಯಿಂದ ತೆಗೆದ. ಅಕ್ಕ ಬೈಯಲಿಲ್ಲ, ಮಾರನೇ ದಿನ ಇನ್ನೂ ಗಟ್ಟಿಯಾದ ಬೀಗ ತಂದು ಹಾಕಿದಳು. ಬೀಗ ಗಟ್ಟಿಯಾದ ಹಾಗೆಲ್ಲ ಒಳಗಿನ ಸಿಹಿಯೂ ದೊಡ್ಡದಾಗುತ್ತ ಹೋಯಿತು. ಇವನು ಬೀಗ ತೆಗೆದರೂ ತಕ್ಷಣ ಬಾಗಿಲು ಎಳೆಯುತ್ತಿರಲಿಲ್ಲ. ಅಕ್ಕ ಹಿತ್ತಲಿಗೆ ಹೋಗುವ ತನಕ ಏನೂ ಅರಿಯದವನ ಹಾಗೆ ಗೋಡೆ ನೋಡುತ್ತ ನಿಂತಿರುತ್ತಿದ್ದ. ಹಾಗೆ ಕಲಿತ ವಿದ್ಯೆ ಇವತ್ತು ಅನ್ನ ಹಾಕುತ್ತಿತ್ತು.

ಆದರೆ ಅನ್ನ ಹಾಕಿದ ಅಕ್ಕ ಅನ್ನ ತಿಂದದ್ದನ್ನು ಕಂಡವರಿಲ್ಲ. ಎಲ್ಲರದ್ದೂ ಆದ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡೇ, ತಟ್ಟೆಯನ್ನು ಕಟ್ಟೆಯ ಅಂಚಿಗಿಟ್ಟು, ತಣ್ಣಗಾದದ್ದನ್ನು ನಾಲ್ಕು ತುತ್ತು ಹಾಕಿಕೊಂಡರೆ ಅವಳ ಊಟ ಮುಗಿಯಿತು.

ರೈಲ್ವೆ ಗಾರ್ಡ್ ಆಗಿ ರಿಟೈರಾದ ಭಾವ ಹೇಳುತ್ತಿದ್ದರು, "ಮದುವೆ ಆದಾಗಿಂದ ನೋಡ್ತಿದೀನಿ ಕಣಯ್ಯಾ, ಇವಳು ಕೂತು ಊಟ ಮಾಡಿದ್ದನ್ನ ನಾನು ಕಂಡೇ ಇಲ್ಲ. ಗಿಡದ ಹಾಗೆ ಗಾಳಿ ಬಿಸಿಲಲ್ಲೇ ಬದುಕ್ತಾಳೋ ಏನೋ!"

ವರ್ಷದ ಕೊನೆಯ ರಜೆ ಬಂದರೆ ನೆಂಟರೆಲ್ಲ ಅಕ್ಕನ ಮನೆಗೆ ಹೋಗಿ ಬೀಳುವುದು ವಾಡಿಕೆ. ಆ ವರ್ಷ ಮಾತ್ರ ಅಕ್ಕ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದ್ದರೂ ಕೈಗೆ ಬಲ ಬಂದಿರಲಿಲ್ಲ. ಕೀಲಿಮಾವ ಫೋನಿನಲ್ಲಿ ಜಗಳವಾಡಿ ಅಕ್ಕ ಭಾವನನ್ನು ತನ್ನ ಮನೆಗೆ ಬರಲು ಒಪ್ಪಿಸಿದ.

"ಬರ್ತೀನಿ. ಆದ್ರೆ ಬಡಿಸೋದು ನಾನೇ" ಎಂದಿದ್ದಳು ಅಕ್ಕ.

ಕೀಲಿಮಾವನ ಆಸೆ ಒಂದೇ. ಈ ಸಲ ಅಕ್ಕ ಕೂರಬೇಕು. ಎಲ್ಲರಿಗಿಂತ ಮೊದಲು, ಬಿಸಿಬಿಸಿಯಾಗಿ, ಹೊಟ್ಟೆ ತುಂಬ ಉಣ್ಣಬೇಕು. ತಾನು ಬಡಿಸಬೇಕು. ಅದಕ್ಕೆಂದೇ ಕೈಹಿಡಿ ಇರುವ ಕುರ್ಚಿಗೆ ಮೆತ್ತೆ ಹಾಕಿಸಿ ಮೇಜಿನ ತಲೆಯ ಕಡೆ ಇಟ್ಟಿದ್ದ.

ಹೆಂಡತಿ ನಕ್ಕಳು. "ರೀ, ಊರೋರ ಬಾಗಿಲು ತೆಗೆದಿದ್ದು ಸಾಕು. ನಿಮ್ಮಕ್ಕ ಅಡುಗೆಮನೆಗೆ ನುಗ್ಗದ ಹಾಗೆ ತಡೆಯೋ ಬೀಗ ನೀವಿನ್ನೂ ಮಾಡಿಲ್ಲ."

"ಮಾಡ್ತೀನಿ ನೋಡ್ತಿರು."

"ಮಾಡಿದ್ರಿ! ಮೊದಲು ಆ ಎಣ್ಣೆ ಪ್ಯಾಂಟು ಬಿಚ್ಚಿ, ಬೇರೆ ಹಾಕ್ಕೊಳ್ಳಿ."

ಎಣ್ಣೆ ಪ್ಯಾಂಟು ಬಿಚ್ಚಿದ್ದೇ ಎಲ್ಲದಕ್ಕೂ ಕಾರಣವಾಯಿತು. ಬೀಗದ ಕೈ ಅದರ ಜೇಬಿನಲ್ಲಿತ್ತು. ಹೆಂಡತಿಯ ಬೀಗದ ಕೈ ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಮಧ್ಯಾಹ್ನ ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆದದ್ದೇ ತಡ, ಕೀಲಿಮಾವ ದಡದಡ ಇಳಿದ. ಹೆಂಡತಿ ಒಲೆ ಆರಿಸಿ, ಪಾತ್ರೆಗಳಿಗೆ ಮುಚ್ಚಳ ಹಾಕಿ ಅವನ ಹಿಂದೆ ಇಳಿದಳು. ರಜೆಗೆ ಬಂದಿದ್ದ ಮಗಳು ಅಮ್ಮನ ಹಿಂದೆ. ಬೀಗದ ಕೈ ಅಪ್ಪನ ಹತ್ತಿರ ಇದೆ ಎಂದು ಮಗಳು, ಮಗಳು ಮೇಲೆಯೇ ಇದ್ದಾಳೆ ಎಂದು ಅಮ್ಮ, ತನ್ನ ಬೀಗದ ವಿಷಯ ತಾನೇ ಮರೆತು ಅಪ್ಪ. ಬ್ಯಾಗುಗಳನ್ನು ಹೊತ್ತು, ಅಕ್ಕನ ಕೈ ಹಿಡಿದು, ಮೂರನೇ ಮಹಡಿಗೆ ಹತ್ತಿ ಬರುವಷ್ಟರಲ್ಲಿ ಕಿಟಕಿಯ ಗಾಳಿ ತನ್ನ ಕೆಲಸ ಮುಗಿಸಿತ್ತು.

ಬಾಗಿಲು ಮುಚ್ಚಿತ್ತು. ಕೆಳಗಿನ ಸಂದಿಯಿಂದ ಊಟದ ಘಮ ಮಾತ್ರ ಹೊರಗೆ ಬಂದು ಎಲ್ಲರನ್ನೂ ಸ್ವಾಗತಿಸಿತು.

ಕೀಲಿಮಾವ ಬಾಗಿಲು ತಳ್ಳಿ ನೋಡಿದ. ಆಮೇಲೆ ಭಾವ ಬ್ಯಾಗು ಕೆಳಗಿಟ್ಟು ನಗಲು ಶುರು ಮಾಡಿದರು. ಗೂಡ್ಸ್ ರೈಲು ಹೊರಟ ಹಾಗೆ ಮೊದಲು ನಿಧಾನಕ್ಕೆ, ಆಮೇಲೆ ನಿಲ್ಲಿಸಲಾಗದ ಹಾಗೆ.

"ಏನಯ್ಯಾ, ಊರಿಗೆಲ್ಲ ಬಾಗಿಲು ತೆಗೆಯೋ ಮಹಾರಾಯ! ನಿನಗೇ ಬಾಗಿಲು ಹಾಕ್ತಲ್ಲೋ!"

"ನಗಬೇಡಿ ಭಾವ. ಅಂಗಡಿಗೆ ಹೋಗಿ ಸಾಮಾನು ತರ್ತೀನಿ."

"ಅಂಗಡಿ ಬೀಗದ ಕೈ ಎಲ್ಲಿದೆ?"

ಕೀಲಿಮಾವ ಜೇಬು ಮುಟ್ಟಿಕೊಂಡ. "ಅದೇ ಗೊಂಚಲಲ್ಲಿ."

ಭಾವ ಮೆಟ್ಟಿಲ ಮೇಲೆ ಕೂತೇಬಿಟ್ಟರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು.

ಗಲಾಟೆಗೆ ಪಕ್ಕದ ಬಾಗಿಲು ತೆರೆಯಿತು. ಡ್ರೈವರು ಇಣುಕಿದ, ಈ ಸಲ ಅಂಗಿ ಹಾಕಿಕೊಂಡೇ. ವಿಷಯ ಕೇಳಿ ಅವನ ಮುಖ ಅರಳಿದ್ದು ನೋಡಬೇಕಿತ್ತು. "ಕೀಲಿಮಾವಾ, ಪೇಪರ್ ಬೇಕಾ?"

"ಪೇಪರ್ ಬೇಡ ಕಣೋ, ಹಳೇ ಕೊಡೆ ಇದ್ರೆ ಕೊಡು."

ಮುರಿದ ಕೊಡೆಯ ಕಡ್ಡಿ ಸಿಕ್ಕಿತು. ಅದನ್ನು ಕಲ್ಲಿನ ಮೆಟ್ಟಿಲಿಗೆ ತಿಕ್ಕಿ ತಿಕ್ಕಿ ಕೀಲಿಮಾವ ಚೂಪು ಮಾಡಿದ. ಅಕ್ಕ ಮುಡಿಯಿಂದ ಒಂದು ಹೇರ್‌ಪಿನ್ನು ಕಿತ್ತು ಕೊಟ್ಟಳು. ಎರಡನ್ನೂ ಬೀಗದ ಬಾಯಿಗಿಟ್ಟು, ಬಾಗಿಲಿಗೆ ಕಿವಿ ಹಚ್ಚಿ, ಅವನು ಮೊಣಕಾಲೂರಿದ.

ಅಷ್ಟರಲ್ಲಿ ಕಟ್ಟಡಕ್ಕೆಲ್ಲ ಸುದ್ದಿ ಹರಡಿತ್ತು. ಅವತ್ತು ಎಲ್ಲರಿಗೂ ರಜೆ, ಎಲ್ಲರೂ ಮನೆಯಲ್ಲೇ. "ಕೀಲಿಮಾವ ತನ್ನ ಮನೆ ಹೊರಗೆ ಸಿಕ್ಕಾಕ್ಕೊಂಡಿದಾನಂತೆ!" ಎಂದರೆ ಯಾರು ತಾನೇ ಬಿಟ್ಟಾರು? ಆದರೆ ನಗಲು ಬಂದವರು ಒಬ್ಬರೂ ಬರಿಗೈಯಲ್ಲಿ ಬರಲಿಲ್ಲ. ನರ್ಸಮ್ಮ ಒಲೆಯಿಂದ ಆಗ ತಾನೇ ಇಳಿಸಿದ ಸೂಪಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿದು ಬಂದಳು. ಹಿಂದೆ ಅವಳ ಮಗಳು, ಈಗ ಶಾಲೆಗೆ ಹೋಗುವವಳು, ಅವಳ ಕೈಯಲ್ಲಿ ಬಿಸ್ಕತ್ತು. ಡ್ರೈವರಿನ ಹೆಂಡತಿ ಹುರಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು ತಂದಳು. ಕೆಳಗಿನ ಮನೆಯ ಟೈಲರು ಇಸ್ತ್ರಿ ಮೇಜನ್ನೇ ತಲೆಯ ಮೇಲೆ ಹೊತ್ತು ಹತ್ತಿ ಬಂದ. ಅದರ ಮೇಲೆ ಯಾರದೋ ಅಂಗಿಗೆಂದು ಇಟ್ಟಿದ್ದ ಬಿಳಿ ಬಟ್ಟೆ ಹಾಸಿದ.

"ಕಲೆ ಆದ್ರೆ?" ಎಂದಳು ಮಗಳು.

"ಆದ್ರೆ ಅಲ್ಲಿ ಜೇಬು ಇಡ್ತೀನಿ ಬಿಡಮ್ಮ" ಎಂದ ಟೈಲರು.

ಡ್ರೈವರು ತನ್ನ ಮನೆಯ ಒಂದೇ ಒಂದು ಕೈಹಿಡಿ ಕುರ್ಚಿ ತಂದು ಮೇಜಿನ ಮುಂದೆ ಹಾಕಿದ. "ಅಕ್ಕಾ, ಕೂತ್ಕೊಳ್ಳಿ."

"ಅಯ್ಯೋ, ನನಗ್ಯಾಕಪ್ಪ, ಮೊದಲು ನಿಮಗೆಲ್ಲ ಬಡಿಸ್ತೀನಿ" ಎಂದು ಅಕ್ಕ ಸುತ್ತ ನೋಡಿದಳು. ಸೌಟು ನರ್ಸಮ್ಮನ ಕೈಯಲ್ಲಿ. ತಟ್ಟೆಗಳು ಡ್ರೈವರಿನ ಹೆಂಡತಿಯ ಕೈಯಲ್ಲಿ. ಓಡಿಹೋಗಿ ನಿಲ್ಲಲು ಒಂದು ಅಡುಗೆಮನೆ ಇಲ್ಲ, ತಟ್ಟೆ ಇಟ್ಟುಕೊಳ್ಳಲು ಒಂದು ಕಟ್ಟೆ ಇಲ್ಲ. ನೀರಿಲ್ಲದ ಮೀನಿನ ಹಾಗೆ ಒಂದೆರಡು ಸಲ ಅತ್ತಿತ್ತ ತಿರುಗಿ, ಕೊನೆಗೆ, ಬೇರೆ ದಾರಿ ಕಾಣದೆ, ಅಕ್ಕ ಕೂತಳು.

ನರ್ಸಮ್ಮ ಸೂಪು ಹಾಕಿದಳು. "ಕೈ ನೋವಿದ್ಯಾ ಅಕ್ಕ? ಎಡಗೈಲಿ ಚಮಚ ಹಿಡೀರಿ. ಹಾಂ, ಹಾಗೆ."

ಕೀಲಿಮಾವನ ಬೆನ್ನು ಅವರ ಕಡೆ, ಕಿವಿ ಬಾಗಿಲ ಕಡೆ. ಬೀಗದ ಒಳಗಿನ ಹಲ್ಲುಗಳು ಒಂದೊಂದಾಗಿ ಮೇಲೆದ್ದವು. ಊರಿಗೆಲ್ಲ ಆ ಬೀಗ ತನಗೂ ಬಗ್ಗಲ್ಲ ಎಂದು ಹೇಳಿದ್ದನಲ್ಲ, ಅದು ಅವನ ಜೀವಮಾನದ ದೊಡ್ಡ ಬುರುಡೆ. ತಾನು ಕೂರಿಸಿದ ಹಲ್ಲು ತನಗೆ ಗೊತ್ತಿಲ್ಲವೇ? ಕೊನೆಯದು ಸ್ವಲ್ಪ ತಕರಾರು ಮಾಡಿತು. ಉಸಿರು ಬಿಗಿಹಿಡಿದು ಕಡ್ಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದ.

ಟಿಕ್.

ತೆರೆಯಿತು. ಇನ್ನು ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದರೆ ಸಾಕು. ಗೆದ್ದೆ ಎಂದು ಕೂಗಲು ಬಾಯಿ ತೆರೆದು ಹಿಂತಿರುಗಿದವನು ಹಾಗೇ ನಿಂತ.

ಅಕ್ಕ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೂಪಿನ ಹಬೆಗೆ ಅವಳ ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗದೆ ನಗುತ್ತ ಚಮಚ ಎತ್ತುತ್ತಿದ್ದಳು. ನರ್ಸಮ್ಮನ ಮಗಳು ಅವಳ ಮಡಿಲಿಗೆ ಒರಗಿ ಬಿಸ್ಕತ್ತನ್ನು ಅವಳ ಸೂಪಿನಲ್ಲೇ ಅದ್ದುತ್ತಿದ್ದಳು. ಸುತ್ತ ಮೆಟ್ಟಿಲ ತುಂಬ ಜನ, ಅವಳು ತಿನ್ನುವುದನ್ನೇ ನೋಡುತ್ತಿದ್ದಾರೆ, ಯಾರೂ ಇನ್ನೂ ತಟ್ಟೆ ಮುಟ್ಟಿಲ್ಲ. ಭಾವನಂತೂ ನಗುವುದನ್ನು ಮರೆತು, ಮೊದಲ ಸಲ ರೈಲು ಕಂಡವರ ಹಾಗೆ ಹೆಂಡತಿಯನ್ನೇ ನೋಡುತ್ತಿದ್ದರು.

ಬಾಗಿಲ ಒಳಗೆ ಅಡುಗೆಮನೆ ಇತ್ತು. ತೆರೆದರೆ ಅಕ್ಕ ಎದ್ದೇ ಏಳುತ್ತಾಳೆ.

ಕೀಲಿಮಾವ ಮತ್ತೆ ಬಾಗಿಲ ಕಡೆ ತಿರುಗಿದ. ಕೊಡೆಯ ಕಡ್ಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟ. ಹಲ್ಲುಗಳು ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಿದ್ದವು.

ಹೆಂಡತಿ ಹಿಂದಿನ ಮೆಟ್ಟಿಲಲ್ಲೇ ಕೂತಿದ್ದಳು. ಮದುವೆಯಾದಾಗಿಂದ ಅದೇ ಟಿಕ್ ಕೇಳಿಕೊಂಡು ಬಂದವಳು. ಅವನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಇನ್ನೂ ಆಗ್ಲಿಲ್ವಾ ರೀ?" ಎಂದು ಜೋರಾಗಿಯೇ ಕೇಳಿದಳು. "ನಿಧಾನಕ್ಕೆ ಮಾಡಿ. ಅವಸರ ಏನಿಲ್ಲ."

"ಬಲು ಗಟ್ಟಿ ಇದೆ ಕಣೇ" ಎಂದ ಕೀಲಿಮಾವ.

"ನೀನು ಹೆತ್ತ ಮಗುನೇ ನಿನ್ನ ಮಾತು ಕೇಳಲ್ವಲ್ಲಯ್ಯಾ! ನಾಳೆಯಿಂದ ಅಂಗಡಿ ಮುಚ್ಚಿ ಕೊಡೆ ರಿಪೇರಿ ಶುರು ಮಾಡು!" ಎಂದರು ಭಾವ. ಮೆಟ್ಟಿಲೆಲ್ಲ ನಕ್ಕಿತು. ಕೀಲಿಮಾವನಿಗೆ ಆ ನಗು ಚಳಿಯಲ್ಲಿ ಕಂಬಳಿ ಹೊದಿಸಿದ ಹಾಗಿತ್ತು. ಅಕ್ಕನ ತಟ್ಟೆಗೆ ಎರಡನೇ ಸಲ ಆಲೂಗಡ್ಡೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಮೊಟ್ಟೆ. ಆಮೇಲೆ, ಅಕ್ಕನೇ ಕೇಳಿದ್ದು, "ಇನ್ನೊಂಚೂರು ಸೂಪು ಇದ್ಯಾಮ್ಮ?"

ಈ ಒಂದು ಮಾತಿಗಾಗಿ ಅವನು ಇಡೀ ಊರಿನ ಬೀಗ ಬಿಟ್ಟುಕೊಡಲು ತಯಾರಿದ್ದ. ಯಾರದೋ ಕುರ್ಚಿ, ಯಾರದೋ ಸೌಟು, ಯಾರದೋ ಅಂಗಿಯ ಬಟ್ಟೆ. ತಾನು ಬಡಿಸಬೇಕು ಎಂದುಕೊಂಡದ್ದನ್ನು ಇಡೀ ಕಟ್ಟಡ ಸೇರಿ ಬಡಿಸಿತ್ತು. ಬಾಗಿಲಿಗೆ ಹಣೆ ಆನಿಸಿ ಅವನು ಸುಮ್ಮನೆ ಕಡ್ಡಿ ಆಡಿಸುತ್ತ ಕೂತ. ಯಾರಾದರೂ ಮುಖ ನೋಡಿದ್ದರೆ ಗುಟ್ಟು ರಟ್ಟಾಗುತ್ತಿತ್ತು.

ಅಕ್ಕ ಕೈ ತೊಳೆಯಲು ಡ್ರೈವರಿನ ಮನೆಯೊಳಗೆ ಹೋದ ಮೇಲೆಯೇ ಬೀಗ ಬಗ್ಗಿದ್ದು. ಎಲ್ಲರೂ ಚಪ್ಪಾಳೆ ಹೊಡೆದರು. ಭಾವನಿಗೆ ಮಾತ್ರ ಸ್ವಲ್ಪ ನಿರಾಸೆಯಾಯಿತು. ಒಳಗಿನ ಅಡುಗೆಯನ್ನು ಮತ್ತೆ ಬಿಸಿ ಮಾಡಿ, ಬಾಗಿಲು ಹಾರುಹೊಡೆದಂತೆ ತೆರೆದಿಟ್ಟು, ಸಂಜೆಯ ತನಕ ಮನೆಗೂ ಮೆಟ್ಟಿಲಿಗೂ ವ್ಯತ್ಯಾಸವಿಲ್ಲದ ಹಾಗೆ ಎಲ್ಲರೂ ಉಂಡರು. ಅಕ್ಕ ಅಡುಗೆಮನೆಗೆ ಹೋದಳೇ? ಹೋದಳು, ಬಾಣದ ಹಾಗೆ ಹೋದಳು. ಆದರೆ ಆಗ ಅವಳ ಹೊಟ್ಟೆ ತುಂಬಿತ್ತು. ನಿಂತು ತಿನ್ನಲು ಜಾಗವೇ ಇರಲಿಲ್ಲ.

ಭಾವ ಆ ಕತೆಯನ್ನು ಊರಿಗೆಲ್ಲ ಹಂಚಿದರು. ಹೇಳುತ್ತ ಹೇಳುತ್ತ ಅದು ಬೆಳೆಯಿತು. ಕೀಲಿಮಾವ ಹೊರಗೇ ಮೂರು ದಿನ ಇದ್ದನಂತೆ, ಗಡ್ಡ ಬಂದಿತ್ತಂತೆ, ಕೊನೆಗೆ ಹಳೇ ಕಳ್ಳನೇ ಬಂದು ಬಾಗಿಲು ತೆಗೆದುಕೊಟ್ಟನಂತೆ. ಕೀಲಿಮಾವ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ.

ರಜೆ ಮುಗಿದು ಅಕ್ಕ ಹೊರಟ ದಿನ, ಟ್ಯಾಕ್ಸಿಗೆ ಬ್ಯಾಗು ಏರಿಸುತ್ತಿದ್ದ ತಮ್ಮನ ಕಿವಿಯನ್ನು ಅವಳು ಮೆಲ್ಲಗೆ ಹಿಂಡಿದಳು.

"ತಿಂಡಿ ಬೀರು ಬೀಗ ತೆಗೆದು ಗೋಡೆ ನೋಡ್ತಾ ನಿಂತಿರ್ತಿದ್ದೆಯಲ್ಲ, ಆಗಲೂ ನನಗೆ ಟಿಕ್ ಅಂತ ಕೇಳ್ತಿತ್ತು ಕಣೋ. ಅದಕ್ಕೇ ಹಿತ್ತಲಿಗೆ ಹೋಗ್ತಿದ್ದೆ."

ಕೀಲಿಮಾವ ಕಣ್ಣು ಕಣ್ಣು ಬಿಟ್ಟ. "ಮೊನ್ನೆ?"

"ಮೊನ್ನೇನೂ ಕೇಳ್ತು."

"ಮತ್ತೆ ಯಾಕಕ್ಕಾ ಏಳಲಿಲ್ಲ?"

ಅಕ್ಕ ಸೆರಗು ಎಳೆದುಕೊಂಡು ಟ್ಯಾಕ್ಸಿಯಲ್ಲಿ ಕೂತಳು, ಆರಾಮಾಗಿ ಬೆನ್ನು ಕೊಟ್ಟು.

"ಸೂಪು ಇನ್ನೂ ಬಿಸಿ ಇತ್ತಲ್ಲೋ" ಎಂದಳು.